ಮೂಳೆ ತೆಳುವಾಗಿಸಿ ಮೇಲೆದ್ದ ಮೀನುಗಳು

ಒಂದು ಮೀನನ್ನು ದಾರಕ್ಕೆ ಕಟ್ಟಿ ತಕ್ಕಡಿಗೆ ಇಳಿಬಿಟ್ಟು ಗಾಳಿಯಲ್ಲಿ ತೂಗಿ. ಅದನ್ನೇ ನೀರಿನಲ್ಲಿ ಮುಳುಗಿಸಿ ಮತ್ತೆ ತೂಗಿ. ಎರಡನೆಯ ತೂಕ ಮೊದಲನೆಯದರ ಶೇಕಡಾ ಎಷ್ಟು ಎಂದು ನೋಡಿದರೆ ಆ ಮೀನು ತೇಲುತ್ತದೋ ಮುಳುಗುತ್ತದೋ ತಿಳಿಯುತ್ತದೆ. ಆರ್ಕಿಮಿಡೀಸನ ಉಪಾಯವೇ, ಹೊಸದೇನಲ್ಲ. ಆದರೆ ಅಂಟಾರ್ಕ್ಟಿಕದ ಮೀನುಗಳು ಹೇಗೆ ಕವಲೊಡೆದವು ಎಂಬ ಕಥೆಯ ದೊಡ್ಡ ಪಾಲು ಹೊರಬಿದ್ದದ್ದು ಈ ತಕ್ಕಡಿಯಿಂದ.

ರೋಹು, ಕಾಟ್ಲಾ ಶುಚಿ ಮಾಡಿದವರಿಗೆ ಹೊಟ್ಟೆಯೊಳಗೆ ಬೆನ್ನೆಲುಬಿಗೆ ಒತ್ತಿಕೊಂಡಿರುವ ಬಿಳಿ ಬಲೂನು ಗೊತ್ತು. ಮೀನನ್ನು ನೀರಿನ ನಡುವೆ ಸಲೀಸಾಗಿ ನಿಲ್ಲಿಸುವ ಗಾಳಿಚೀಲ ಅದು. ಅಂಟಾರ್ಕ್ಟಿಕದ ಸುತ್ತ ಮೆರೆಯುವ ನೋಟೊಥೀನಿಯಾಯ್ಡ್ ಎಂಬ ಮೀನು ಬಳಗಕ್ಕೆ ಈ ಚೀಲವೇ ಇಲ್ಲ. ಬಳಗದ ಪೂರ್ವಜ ಕಡಲ ತಳಕ್ಕೆ ಅಂಟಿಕೊಂಡು ಬದುಕಿದ ಮೀನು. ತಳದಲ್ಲಿ ಕೂರುವವನಿಗೆ ತೇಲುವ ಸಾಧನ ಅಡ್ಡಿಯೇ ಹೊರತು ನೆರವಲ್ಲ. ಚೀಲ ಹೋಯಿತು, ಹೋದದ್ದು ಮರಳಿ ಬರಲಿಲ್ಲ.

ಆಮೇಲೆ ಊರಿನ ಹವೆಯೇ ಬದಲಾಯಿತು. ಅಂಟಾರ್ಕ್ಟಿಕ ಉಳಿದ ಭೂಖಂಡಗಳಿಂದ ಕಡಿದುಕೊಂಡು, ಸುತ್ತ ತಣ್ಣನೆಯ ಪ್ರವಾಹ ಹರಿದು, ನೀರು ಮೈನಸ್ 1.9 ಡಿಗ್ರಿಯವರೆಗೆ ಇಳಿಯಿತು. ಸಾಮಾನ್ಯ ಕಡಲಮೀನಿನ ರಕ್ತ ಅದಕ್ಕೂ ಮೊದಲೇ ಹೆಪ್ಪುಗಟ್ಟುತ್ತದೆ. ಈ ಬಳಗದವು ಬದುಕಿದ್ದು ರಕ್ತದಲ್ಲಿರುವ ಒಂದು ಪ್ರೋಟೀನಿನಿಂದ. ಮಂಜಿನ ಹರಳು ಬೆಳೆಯದಂತೆ ತಡೆಯುವ ಅದನ್ನು 1960ರ ದಶಕದಲ್ಲಿ ಗುರುತಿಸಿದವರು ಆರ್ಥರ್ ಡೆವ್ರೀಸ್. ಹಳೆಯ ಮೀನುಗಳು ಬಹುತೇಕ ಅಳಿದುಹೋಗಿ ತಳದಿಂದ ಮೇಲ್ಮೈವರೆಗಿನ ನೀರು ಖಾಲಿ ಬಿದ್ದಿತ್ತು. ಮೇಲೆ ತಿನ್ನಲು ಬೇಕಾದಷ್ಟಿತ್ತು. ಏರಲು ಬೇಕಾದ ಚೀಲ ಮಾತ್ರ ಇರಲಿಲ್ಲ.

ಏನು ಮಾಡಿದವು? ಮೈಯನ್ನೇ ಹಗುರ ಮಾಡಿಕೊಂಡವು.

ಎಲ್ಲವೂ ಅಲ್ಲ. 1898ರಲ್ಲಿ ಅಂಟಾರ್ಕ್ಟಿಕಕ್ಕೆ ಹೊರಟ 'ಸದರ್ನ್ ಕ್ರಾಸ್' ಯಾತ್ರೆಯ ಮೂವರ ಹೆಸರನ್ನು ಮೂರು ಸೋದರ ಮೀನುಗಳಿಗೆ ಇಟ್ಟಿದ್ದಾರೆ: ನಾಯಕ ಬೋರ್ಕ್‌ಗ್ರೆವಿಂಕ್, ವಿಜ್ಞಾನಿ ಬರ್ನಾಚಿ, ಮತ್ತು ಅಲ್ಲೇ 1899ರಲ್ಲಿ ತೀರಿಕೊಂಡು ಅಂಟಾರ್ಕ್ಟಿಕದ ಮಣ್ಣು ಸೇರಿದ ಪ್ರಾಣಿಶಾಸ್ತ್ರಜ್ಞ ಹ್ಯಾನ್ಸನ್. ಬರ್ನಾಚಿ ಹೆಸರಿನ ಮೀನು ಇಂದಿಗೂ ತಳವಾಸಿ. ನಾಯಕನ ಹೆಸರಿನದು ಕಡಲ ಮೇಲಿನ ಮಂಜಿನ ಹಾಸಿನ ಅಡಿಗೇ ಹೋಗಿ ಸೇರಿಕೊಂಡಿದೆ. ಒಡಹುಟ್ಟಿಗಿಂತ ಹಗುರ, ಆದರೂ ತೇಲುವಷ್ಟಲ್ಲ. ಈಜು ನಿಲ್ಲಿಸಿದರೆ ಮುಳುಗುತ್ತದೆ. ಅರ್ಧ ದಾರಿಯಲ್ಲಿ ನಿಂತ ಮೀನು ಎನ್ನಬೇಡಿ, ಅದರ ಬಾಳುವೆಗೆ ಅಷ್ಟು ಸಾಕು.

ಪೂರ್ತಿ ಹಗುರಾದ ಎರಡನ್ನು ನೋಡಿ. ಮೊದಲನೆಯದು ಅಂಟಾರ್ಕ್ಟಿಕದ ಬೆಳ್ಳಿಮೀನು, ಪ್ಲೂರಾಗ್ರಾಮ. ಒಂದು ಗೇಣಿಗಿಂತ ಹೆಚ್ಚೇನೂ ಬೆಳೆಯದ ಇದರ ಚರ್ಮದ ಕೆಳಗೂ ಸ್ನಾಯುಗಳ ಸಂದಿಯಲ್ಲೂ ಸಣ್ಣಸಣ್ಣ ಕೊಬ್ಬಿನ ಚೀಲಗಳಿವೆ. ತಳದ ನೆಂಟರು ತಮ್ಮ ತೂಕದ ಶೇಕಡಾ 3ಕ್ಕೂ ಹೆಚ್ಚು ಭಾರವನ್ನು ನೀರಿನಲ್ಲೂ ಹೊರುವಾಗ ಇದರದು ಶೇಕಡಾ 1ಕ್ಕಿಂತ ಕಡಿಮೆ. ಅದಕ್ಕಿಂತ ಸೋಜಿಗ ಬೆನ್ನಿನಲ್ಲಿದೆ. ಭ್ರೂಣದಲ್ಲಿ ಬೆನ್ನೆಲುಬಿಗಿಂತ ಮೊದಲು ಮೂಡುವ ಮೆತ್ತನೆಯ ಕೋಲೊಂದಿದೆ, ನೋಟೋಕಾರ್ಡ್. ಬೇರೆ ಮೀನುಗಳಲ್ಲಿ ಮೂಳೆ ಬೆಳೆದು ಅದನ್ನು ಬಹುಪಾಲು ನುಂಗಿಹಾಕುತ್ತದೆ. ಬೆಳ್ಳಿಮೀನು ಅದನ್ನು ಮುಪ್ಪಿನವರೆಗೂ ಉಳಿಸಿಕೊಳ್ಳುತ್ತದೆ. ಕಶೇರುಮಣಿ ಅದರ ಸುತ್ತ ತೆಳುವಾದ ಬಳೆಯಂತಿರುತ್ತದೆ, ಅಷ್ಟೇ. ಮರಿಯ ಮೈಯನ್ನು ದೊಡ್ಡದಾದ ಮೇಲೂ ಬಿಡದಿರುವುದು ಇಲ್ಲಿಯ ಗುಟ್ಟು. ಹೊಸ ಅಂಗ ಹುಟ್ಟಿಸುವ ಬದಲು ಬೆಳವಣಿಗೆಯ ಒಂದು ಹಂತ ತಡವಾದರೆ ಮೂಳೆಗೆ ಸುಣ್ಣ ಸೇರುವುದು ಕಡಿಮೆಯಾಗುತ್ತದೆ, ಮೈ ತಾನಾಗಿ ಹಗುರಾಗುತ್ತದೆ.

ಎರಡನೆಯದು ದೈತ್ಯ: ಅಂಟಾರ್ಕ್ಟಿಕದ ಟೂತ್‌ಫಿಶ್. ಒಂದೂವರೆ ಮೀಟರ್ ದಾಟುತ್ತದೆ, ಕೆಲವು 100 ಕೆ.ಜಿ. ಮೀರುತ್ತವೆ. ಮಕ್‌ಮರ್ಡೊ ಕೊಲ್ಲಿಯ ಮಂಜಿಗೆ ತೂತು ಕೊರೆದು ಹಿಡಿದ ಇವನ್ನು ಡೆವ್ರೀಸ್ ಮತ್ತು ಜೋಸೆಫ್ ಈಸ್ಟ್‌ಮನ್ ತೂಗಿದಾಗ ನೀರಿನಲ್ಲಿ ತೂಕವೇ ತೋರಲಿಲ್ಲ. ಲೆಕ್ಕ ಸೊನ್ನೆ! 1981ರಲ್ಲಿ ಅವರು ಕಾರಣ ಬಿಡಿಸಿಟ್ಟರು: ಚರ್ಮದಡಿ ಕೊಬ್ಬಿನ ಹೊದಿಕೆ, ಸ್ನಾಯುವಿನೊಳಗೂ ಕೊಬ್ಬು, ಎರಡೂ ಸೇರಿ ದೇಹತೂಕದ ಸುಮಾರು ಹತ್ತರಲ್ಲೊಂದು ಪಾಲು, ಮೂಳೆ ಇರಬೇಕಾದ ಎಷ್ಟೋ ಕಡೆ ಮೃದ್ವಸ್ಥಿ, ಹುರುಪೆಯಲ್ಲೂ ಸುಣ್ಣದಂಶ ಕಡಿಮೆ. ಎಳೆಯ ಟೂತ್‌ಫಿಶ್ ಮಾತ್ರ ಭಾರವೇ. ಅಜ್ಜನಂತೆ ತಳದಲ್ಲಿದ್ದು, ಕೊಬ್ಬು ಕೂಡಿಸಿಕೊಂಡ ಮೇಲೆ ಮೇಲೇರುತ್ತದೆ.

ಇದೇ ಬಳಗದ ಹಿಮಮೀನುಗಳಿಗೆ ರಕ್ತದ ಕೆಂಪೇ ಇಲ್ಲ. ಹಿಮೋಗ್ಲೋಬಿನ್ ಇಲ್ಲದ ಈ ಬಿಳಿ ರಕ್ತದ ಬಗ್ಗೆ ಯೊಹಾನ್ ರೂಡ್ 1954ರಲ್ಲಿ ಬರೆದಾಗಿನಿಂದ ಎಲ್ಲರ ಕಣ್ಣು ಅದರ ಮೇಲೇ. ನನ್ನನ್ನು ಕೇಳಿದರೆ, ಅವುಗಳ ಮೂಳೆ ರಕ್ತಕ್ಕಿಂತ ದೊಡ್ಡ ಸುದ್ದಿ. ನಮ್ಮ ಮನೆಯ ಹಿರಿಯರ ಮೂಳೆ ಸವೆದರೆ ರೋಗ ಎನ್ನುತ್ತೇವೆ. ಹಿಮಮೀನಿಗೆ ತೆಳು ಮೂಳೆಯೇ ಆರೋಗ್ಯ. ಸುಣ್ಣ ಕಡಿಮೆಯಾಗಿಯೂ ಅದು ಬಾಳುವುದು ಹೇಗೆಂದು ಅಸ್ಥಿರಂಧ್ರತೆಯ ಸಂಶೋಧಕರು ಇವುಗಳ ವಂಶವಾಹಿಗಳನ್ನು ಜಾಲಾಡುತ್ತಿರುವುದು ಸುಮ್ಮನೆ ಅಲ್ಲ.

ಟೂತ್‌ಫಿಶ್‌ಗೆ ಅದರ ಕೊಬ್ಬೇ ಮುಳುವಾಯಿತು. ಬೆಣ್ಣೆಯಂತೆ ಕರಗುವ ಆ ಮಾಂಸಕ್ಕೆ ಗಿರಾಕಿಗಳು ಹುಟ್ಟಿಕೊಂಡರು. ಪೆಟಗೋನಿಯಾದ ಸೋದರ ಮೀನಿಗೆ 1977ರಲ್ಲಿ ಅಮೆರಿಕದ ವ್ಯಾಪಾರಿ ಲೀ ಲಾಂಟ್ಜ್ 'ಚಿಲಿಯನ್ ಸೀ ಬಾಸ್' ಎಂದು ನಾಮಕರಣ ಮಾಡಿದ. 1990ರ ದಶಕದಲ್ಲಿ ದೋಣಿಗಳು ಅಂಟಾರ್ಕ್ಟಿಕದ ರಾಸ್ ಸಮುದ್ರಕ್ಕೂ ಬಂದವು. ಅಲ್ಲಿಯ ಸಂರಕ್ಷಿತ ವಲಯ ಜಾರಿಗೆ ಬಂದದ್ದು 2017ರ ಡಿಸೆಂಬರಿನಲ್ಲಿ. ವಿದೇಶದ ಹೋಟೆಲಿನ ಪಟ್ಟಿಯಲ್ಲಿ ಆ ಹೆಸರು ಕಂಡರೆ ನೆನಪಿರಲಿ: ಮೀನು ಚಿಲಿಯದೇ ಆಗಿರಬೇಕೆಂದಿಲ್ಲ, ಬಾಸ್ ಅಂತೂ ಅಲ್ಲವೇ ಅಲ್ಲ.