ನೇರ ಪರಿವರ್ತನ ಗ್ರಾಹಕಗಳಲ್ಲಿ ದ್ವಿತೀಯ ಕ್ರಮದ ಅಂತರ್‌ಮಾಡ್ಯುಲೇಷನ್ ವಿಕೃತಿ

1918ರಲ್ಲಿ ಎಡ್ವಿನ್ ಆರ್ಮ್‌ಸ್ಟ್ರಾಂಗ್ ರೂಪಿಸಿದ ಸೂಪರ್‌ಹೆಟರೊಡೈನ್ ಗ್ರಾಹಕವು ಹಲವು ದಶಕಗಳ ಕಾಲ ರೇಡಿಯೋ ತಂತ್ರಜ್ಞಾನವನ್ನು ಆಳಿತು. ಬಂದ ಸಂಕೇತವನ್ನು ಮೊದಲು ಮಧ್ಯಂತರ ಆವೃತ್ತಿಗೆ ಇಳಿಸಿ, ಅಲ್ಲಿ ಬಿಗಿಯಾದ ಶೋಧಕದ ಮೂಲಕ ಹಾಯಿಸಿ, ಅನಂತರ ಮಾಹಿತಿಯನ್ನು ಬೇರ್ಪಡಿಸುವುದು ಅದರ ಕ್ರಮ. ನೇರ ಪರಿವರ್ತನ ಗ್ರಾಹಕವು ಈ ನಡುವಣ ಮೆಟ್ಟಿಲನ್ನೇ ತೆಗೆದುಹಾಕುತ್ತದೆ. ಸ್ಥಳೀಯ ಆಂದೋಲಕದ ಆವೃತ್ತಿಯನ್ನು ಬಯಸಿದ ವಾಹಕದ ಆವೃತ್ತಿಗೆ ಸಮನಾಗಿಸಿದರೆ, ಮಿಶ್ರಕದಿಂದ ಹೊರಬರುವ ಸಂಕೇತವು ಸೊನ್ನೆ ಆವೃತ್ತಿಯ ಸುತ್ತಲೇ ನೆಲೆಸುತ್ತದೆ. ಬ್ರಿಟನ್ನಿನ ಎಫ್. ಎಂ. ಕೋಲ್‌ಬ್ರೂಕ್ 1924ರಲ್ಲಿಯೇ 'ಹೋಮೊಡೈನ್' ಎಂಬ ಹೆಸರಿನಲ್ಲಿ ಈ ವಿಧಾನವನ್ನು ವಿವರಿಸಿದ್ದರು. ಆದರೆ ಅದಕ್ಕೆ ನಿಜವಾದ ಬೇಡಿಕೆ ಹುಟ್ಟಿದ್ದು ಮೊಬೈಲ್ ದೂರವಾಣಿಯ ಗ್ರಾಹಕವನ್ನೆಲ್ಲ ಒಂದೇ ಚಿಪ್ಪಿನಲ್ಲಿ ಅಡಕಮಾಡಬೇಕಾದಾಗ. ಅಸದ್ ಅಬಿದಿ 1995ರಲ್ಲಿ ಪ್ರಕಟಿಸಿದ ಲೇಖನವು ಈ ಮರುಹುಟ್ಟಿನ ಕಾಲದ ಮುಖ್ಯ ಬರಹಗಳಲ್ಲೊಂದು.

ಮೆಟ್ಟಿಲು ತೆಗೆದುದರ ಬೆಲೆಯೂ ಉಂಟು. ಯಾವ ವರ್ಧಕವೂ ಮಿಶ್ರಕವೂ ಸಂಪೂರ್ಣ ರೇಖೀಯವಲ್ಲ. ಒಳಬಂದ ಸಂಕೇತಕ್ಕೆ ಅನುಪಾತವಾದ ಫಲದೊಂದಿಗೆ ಅದರ ವರ್ಗಕ್ಕೆ ಅನುಪಾತವಾದ ಚಿಕ್ಕ ಅಂಶವೊಂದು ಸೇರಿಯೇ ಇರುತ್ತದೆ. ಹತ್ತಿರ ಹತ್ತಿರದ ಎರಡು ಆವೃತ್ತಿಗಳ ಪ್ರಬಲ ಸಂಕೇತಗಳು ಒಟ್ಟಿಗೆ ಬಂದರೆ, ಈ ವರ್ಗಾಂಶವು ಅವುಗಳ ಮೊತ್ತ ಹಾಗೂ ವ್ಯತ್ಯಾಸದ ಆವೃತ್ತಿಗಳಲ್ಲಿ ಹೊಸ ಸಂಕೇತಗಳನ್ನು ಹುಟ್ಟಿಸುತ್ತದೆ. ವ್ಯತ್ಯಾಸದ ಆವೃತ್ತಿ ತೀರ ಕಡಿಮೆಯದು. ಸೂಪರ್‌ಹೆಟರೊಡೈನಿನಲ್ಲಿ ಅದು ಮಧ್ಯಂತರ ಆವೃತ್ತಿಯಿಂದ ದೂರವಿದ್ದು ಶೋಧಕದಲ್ಲಿ ಅಳಿದುಹೋಗುತ್ತದೆ. ನೇರ ಪರಿವರ್ತನದಲ್ಲಾದರೋ ಬಯಸಿದ ಸಂಕೇತವಿರುವ ಜಾಗದಲ್ಲಿಯೇ ಅದು ಬಂದು ಕೂರುತ್ತದೆ. ಆಮೇಲೆ ಯಾವ ಶೋಧಕದಿಂದಲೂ ಎರಡನ್ನು ಬೇರ್ಪಡಿಸಲಾಗದು. ಪೀಡಕ ಸಂಕೇತವು ಯಾವ ಆವೃತ್ತಿಯದೆಂಬುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ, ಅದರ ಪಾರದ ಏರಿಳಿತವೊಂದೇ ಸಾಕು.

ಪಾರ ಸ್ಥಿರವಾಗಿದ್ದರೂ ನಿಶ್ಚಿಂತೆಯಿಲ್ಲ. ಜಿಎಸ್‌ಎಂ ಸಂಕೇತದ ಪಾರ ಸ್ಥಿರವಾದುದರಿಂದ ಅದರ ವರ್ಗವು ಬರಿಯ ಏಕಮುಖ ವೋಲ್ಟೇಜು. ಆದರೆ ಅದು ಕಾಲಭಾಗಗಳಲ್ಲಿ ತುಂಡುತುಂಡಾಗಿ ಪ್ರಸಾರವಾಗುತ್ತದೆ. ಬೇರೊಂದು ಪ್ರಸಾರವು ತನ್ನ ಸರದಿಯ ಮಧ್ಯದಲ್ಲಿ ಆರಂಭವಾದರೆ ಆ ವೋಲ್ಟೇಜು ತಟ್ಟನೆ ಮೇಲೇರುತ್ತದೆ. ಜಿಎಸ್‌ಎಂ ಮಾನಕವು ಇಂತಹ ಸನ್ನಿವೇಶಕ್ಕೆಂದೇ ಒಂದು ಪರೀಕ್ಷೆಯನ್ನು ವಿಧಿಸಿದ್ದುದು ಆಕಸ್ಮಿಕವಲ್ಲ.

ಇದಕ್ಕಿಂತ ಬಿಗಡಾಯಿಸುವುದು ಏಕಕಾಲದಲ್ಲಿ ಕಳುಹಿಸುತ್ತಲೂ ಸ್ವೀಕರಿಸುತ್ತಲೂ ಇರುವ ದೂರವಾಣಿಯಲ್ಲಿ. ಬೇಲಿಯೇ ಎದ್ದು ಹೊಲ ಮೇಯ್ದಂತೆ, ಇಲ್ಲಿ ಪೀಡಕವು ಉಪಕರಣದ ಸ್ವಂತ ಪ್ರೇಷಕವೇ. ಮೂರನೆಯ ಪೀಳಿಗೆಯ ಡಬ್ಲ್ಯುಸಿಡಿಎಂಎ ದೂರವಾಣಿಯೊಂದು 24 ಡಿಬಿಎಂ, ಅಂದರೆ ಸುಮಾರು 250 ಮಿಲಿವ್ಯಾಟ್ ಕಳುಹಿಸುತ್ತಿದೆಯೆಂದೂ ಡುಪ್ಲೆಕ್ಸರ್ 50 ಡೆಸಿಬೆಲ್‌ನಷ್ಟು ತಡೆಯುತ್ತದೆಂದೂ ಇಟ್ಟುಕೊಂಡರೆ, −26 ಡಿಬಿಎಂ ಸೋರಿ ಗ್ರಾಹಕದ ಬಾಯಿಗೆ ಬರುತ್ತದೆ. ಲೆಕ್ಕದ ಸೌಕರ್ಯಕ್ಕೆ ಇದನ್ನು ತಲಾ −29 ಡಿಬಿಎಂನ ಎರಡು ಸ್ವರಗಳೆಂದು ಭಾವಿಸಬಹುದು. ಗ್ರಾಹಕದ ದ್ವಿತೀಯ ಕ್ರಮದ ಛೇದಬಿಂದು 50 ಡಿಬಿಎಂ ಆಗಿದ್ದರೆ, −29ರ ಎರಡರಷ್ಟರಿಂದ 50 ಕಳೆದು, ವಿಕೃತಿ −108 ಡಿಬಿಎಂ ಎಂದಾಗುತ್ತದೆ. 3.84 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಸಾಮಾನ್ಯ ತಾಪಮಾನದ ಉಷ್ಣ ಗದ್ದಲವೂ ಸರಿಸುಮಾರು ಅಷ್ಟೇ. ಛೇದಬಿಂದು 40ಕ್ಕೆ ಇಳಿದರೆ ವಿಕೃತಿಯು ಆ ಗದ್ದಲದ ಹತ್ತು ಪಟ್ಟಾಗುತ್ತದೆ. ಗೋಪುರದಿಂದ ದೂರವಿರುವವನ ದೂರವಾಣಿಯು ಗರಿಷ್ಠ ಶಕ್ತಿಯಿಂದ ಕೂಗುವುದೂ ಅವನಿಗೆ ತಲುಪುವ ಸಂಕೇತ ಅತ್ಯಂತ ಕ್ಷೀಣವಾಗಿರುವುದೂ ಒಂದೇ ಗಳಿಗೆಯಲ್ಲಿ. ಕರೆ ಕಡಿದುಹೋಗುವುದು ಅಲ್ಲಿಯೇ.

ದೋಷದ ಮೂಲ ಬಹುಮಟ್ಟಿಗೆ ಮಿಶ್ರಕದಲ್ಲಿದೆ. ಮೊದಲ ವರ್ಧಕದಲ್ಲಿ ಹುಟ್ಟಿದ ಕಡಿಮೆ ಆವೃತ್ತಿಯ ಕಸವನ್ನು ಮುಂದಿನ ಧಾರಕವೊಂದು ತಡೆಯಬಲ್ಲದು. ಮಿಶ್ರಕದ ಮುಂದೆ ಅಂತಹ ತಡೆ ಹಾಕಿದರೆ ಬಯಸಿದ ಸಂಕೇತವೂ ನಷ್ಟವಾಗುತ್ತದೆ. ಎರಡು ಭುಜಗಳ ಸಮತೋಲಿತ ಮಿಶ್ರಕದಲ್ಲಿ ವರ್ಗಾಂಶವು ಎರಡೂ ಕಡೆ ಸಮನಾಗಿ ಹುಟ್ಟಿ, ವ್ಯತ್ಯಾಸ ತೆಗೆದಾಗ ರದ್ದಾಗಬೇಕು. ಸಿದ್ಧಾಂತ ಅಷ್ಟೇ. ತಯಾರಿಕೆಯಲ್ಲಿ ಯಾವ ಎರಡು ಟ್ರಾನ್ಸಿಸ್ಟರುಗಳೂ ತದ್ರೂಪಿಗಳಲ್ಲ. ಭಾರರೋಧಗಳು ಕೂದಲೆಳೆಯಷ್ಟು ಭಿನ್ನ, ಆಂದೋಲಕದ ಅಲೆಯ ಎರಡು ಅರ್ಧಗಳೂ ಸಮಕಾಲದವಲ್ಲ. ಇಟಲಿಯ ಮನ್‌ಸ್ಟ್ರೆಟ್ಟಾ, ಬ್ರಾಂಡೋಲಿನಿ ಮತ್ತು ಸ್ವೆಲ್ಟೊ 2003ರಲ್ಲಿ ಸಿಮಾಸ್ ಮಿಶ್ರಕಗಳಲ್ಲಿನ ಈ ಕಾರಣಗಳನ್ನು ವಿಂಗಡಿಸಿ ತೋರಿಸಿದರು.

ಚಿಪ್ಪಿನ ವಿನ್ಯಾಸದಲ್ಲಿ ಸಮ್ಮಿತಿ ಕಾಯ್ದುಕೊಳ್ಳುವುದು ಮೊದಲ ಉಪಾಯ. ಅದು ಸಾಲದಾದಾಗ ಒಂದು ಭುಜದ ರೋಧವನ್ನೋ ಬಯಾಸ್ ವೋಲ್ಟೇಜನ್ನೋ ಅಂಕೀಯವಾಗಿ ಸ್ವಲ್ಪ ಸ್ವಲ್ಪವೇ ಸರಿಸಿ, ವಿಕೃತಿ ಕನಿಷ್ಠವಾಗುವ ಬಿಂದುವನ್ನು ಹುಡುಕಲಾಗುತ್ತದೆ. ಪರಸ್ಪರ ಲಂಬವಾದ ಎರಡು ಮಾರ್ಗಗಳಿಗೂ ಇದನ್ನು ಪ್ರತ್ಯೇಕವಾಗಿ ಮಾಡಬೇಕು. ಹೀಗೆ ಗಳಿಸಿದ ಸಮತೋಲ ಬಲು ಸೂಕ್ಷ್ಮವಾದುದು: ತಾಪಮಾನ ಬದಲಾದರೆ, ಕೆಲಸದ ಪಟ್ಟಿ ಬದಲಾದರೆ ಕನಿಷ್ಠ ಬಿಂದುವೂ ಜರುಗುತ್ತದೆ. ಕಾರ್ಖಾನೆಯಲ್ಲಿ ಒಮ್ಮೆ ನಿಗದಿಮಾಡಿದ ಅಂಕವನ್ನು ನೆಚ್ಚದೆ, ಉಪಕರಣವೇ ಬಳಕೆಯ ನಡುವೆ ಮತ್ತೆ ಮತ್ತೆ ತನ್ನನ್ನು ತಿದ್ದಿಕೊಳ್ಳುವ ವ್ಯವಸ್ಥೆಗಳು ರೂಪುಗೊಂಡದ್ದು ಈ ಕಾರಣದಿಂದಲೇ.