ದಡ ಸೇರದ ಬಟೇವಿಯಾ

ಪಶ್ಚಿಮ ಆಸ್ಟ್ರೇಲಿಯದ ಫ್ರೀಮ್ಯಾಂಟಲ್ ಬಂದರಿನಲ್ಲಿ ಒಡೆದು ಮುಳುಗಿದ ಹಡಗುಗಳಿಗೇ ಮೀಸಲಾದ ಒಂದು ವಸ್ತುಸಂಗ್ರಹಾಲಯವಿದೆ. 1850ರ ದಶಕದಲ್ಲಿ ಬ್ರಿಟನ್ನಿನಿಂದ ಗಡೀಪಾರಾಗಿ ಬಂದ ಕೈದಿಗಳು ಸುಣ್ಣಕಲ್ಲಿನಲ್ಲಿ ಕಟ್ಟಿದ ಸರ್ಕಾರಿ ಉಗ್ರಾಣವೇ ಈ ಸಂಗ್ರಹಾಲಯ. ಹಡಗು ಸಂಗ್ರಹಾಲಯಗಳೆಂದರೆ ಗೆದ್ದ ಯುದ್ಧಗಳ, ಕಂಡುಹಿಡಿದ ನಾಡುಗಳ ಬಡಾಯಿ ಇರುವುದೇ ಹೆಚ್ಚು. ಇಲ್ಲಿ ಜನ ನೋಡಲು ಬರುವುದು ಊರು ಮುಟ್ಟದೇ ಹೋದ ಹಡಗುಗಳನ್ನು. ಅವುಗಳಲ್ಲಿ ದೊಡ್ಡ ಹೆಸರು ಬಟೇವಿಯಾ. ಈ ಡಚ್ ಹಡಗಿನ ಹಿಂಭಾಗದ ಒಂದು ಪಕ್ಕೆ, ಕಪ್ಪಗಾದ ಓಕ್ ಮರದ ಹಲಗೆ ದಿಮ್ಮಿಗಳೊಂದಿಗೆ, ಅಲ್ಲಿ ಎದ್ದು ನಿಂತಿದೆ.

ಹಾಲೆಂಡಿನಿಂದ ಜಾವಾಕ್ಕೆ ಹೊರಟ ಹಡಗಿಗೆ ಆಸ್ಟ್ರೇಲಿಯದಲ್ಲಿ ಏನು ಕೆಲಸ? ಉತ್ತರ ಗಾಳಿಯಲ್ಲಿದೆ. ಆಫ್ರಿಕದ ತುದಿಯಿಂದ ದಕ್ಷಿಣಕ್ಕೆ ಇಳಿದರೆ ಪಶ್ಚಿಮದಿಂದ ಪೂರ್ವಕ್ಕೆ ಎಡೆಬಿಡದೆ ಬೀಸುವ ಬಿರುಗಾಳಿ ಸಿಗುತ್ತದೆ. ಅದರ ಬೆನ್ನೇರಿ ಸಾಗಿ, ಆಮೇಲೆ ಉತ್ತರಕ್ಕೆ ತಿರುಗಿದರೆ ಜಾವಾ ಬೇಗ ಸಿಗುತ್ತದೆಂದು ಹೆಂಡ್ರಿಕ್ ಬ್ರೌವರ್ 1611ರಲ್ಲಿ ತೋರಿಸಿದ. ತಿಂಗಳುಗಳೇ ಉಳಿದವು. ಡಚ್ ಈಸ್ಟ್ ಇಂಡಿಯಾ ಕಂಪೆನಿ ಈ ದಾರಿಯನ್ನೇ ಕಡ್ಡಾಯ ಮಾಡಿತು. ಆದರೆ ಉತ್ತರಕ್ಕೆ ತಿರುಗುವುದು ಯಾವಾಗ? ನಡುಹಗಲಿನ ಸೂರ್ಯನ ಎತ್ತರ ಅಳೆದು ಅಕ್ಷಾಂಶ ತಿಳಿಯಬಹುದಿತ್ತು. ರೇಖಾಂಶ ತಿಳಿಯಲು ಸಮುದ್ರದ ಮೇಲೂ ಸರಿಯಾಗಿ ನಡೆಯುವ ಗಡಿಯಾರ ಬೇಕು. ಅದು ಬಂದದ್ದು ಹದಿನೆಂಟನೆಯ ಶತಮಾನದಲ್ಲಿ. ಅಲ್ಲಿಯವರೆಗೆ ನಾವಿಕರದ್ದು ಅಂದಾಜಿನ ಬದುಕು. ಅಂದಾಜು ತಪ್ಪಿ ತಡವಾಗಿ ತಿರುಗಿದವರಿಗೆ ಎದುರಾಗುತ್ತಿದ್ದುದು ಹವಳದ ದಿಬ್ಬ.

ಬಟೇವಿಯಾಕ್ಕೆ ಆದದ್ದೂ ಅದೇ. 1629ರ ಜೂನ್ 4ರ ನಸುಕಿನಲ್ಲಿ, ಮುಂದೆ ಬಿಳಿ ನೊರೆ ಕಾಣುತ್ತಿದೆ ಎಂದು ಕಾವಲುಗಾರ ಹೇಳಿದ. ಅದು ನೀರಿನ ಮೇಲಿನ ಬೆಳದಿಂಗಳು ಎಂದು ಹಡಗಿನ ಯಜಮಾನ ತಳ್ಳಿಹಾಕಿದ. ಸ್ವಲ್ಪ ಹೊತ್ತಿನಲ್ಲೇ ಹಡಗು ಅಬ್ರೊಲೋಸ್ ದ್ವೀಪಗಳ ಬಳಿ ದಿಬ್ಬಕ್ಕೆ ಬಡಿಯಿತು.

ಹಡಗಿನಲ್ಲಿದ್ದವರು 300ಕ್ಕೂ ಹೆಚ್ಚು ಮಂದಿ. ಸುಮಾರು 40 ಜನ ನೀರುಪಾಲಾದರು. ಉಳಿದವರಲ್ಲಿ ಬಹುಪಾಲು ಮಂದಿ ಸೇರಿದ್ದು ಕುಡಿಯಲು ಹನಿ ನೀರಿಲ್ಲದ ಬೋಳು ದ್ವೀಪಗಳನ್ನು. ಮುಖ್ಯಸ್ಥ ಫ್ರಾನ್ಸಿಸ್ಕೊ ಪೆಲ್ಸಾರ್ಟ್ ಕೆಲವರನ್ನು ಕರೆದುಕೊಂಡು, ನೀರು ಹುಡುಕಲೆಂದು ದೋಣಿಯಲ್ಲಿ ಹೊರಟವನು ಕೊನೆಗೆ ಜಾವಾದವರೆಗೂ ಹೋದ. ಅವನು ಹಿಂದಿರುಗುವಷ್ಟರಲ್ಲಿ ಅಧಿಕಾರ ಹಿಡಿದಿದ್ದವನು ಕಂಪೆನಿಯ ಕಿರಿಯ ವರ್ತಕ, ಹಿಂದೆ ಔಷಧಿ ಅಂಗಡಿ ಇಟ್ಟಿದ್ದ ಯೆರೋನಿಮಸ್ ಕಾರ್ನೆಲಿಸ್. ಅವನ ಗುಂಪು ಹೆಂಗಸರು, ಮಕ್ಕಳು, ರೋಗಿಗಳು ಎನ್ನದೆ ನೂರಕ್ಕೂ ಹೆಚ್ಚು ಜನರನ್ನು ಕೊಂದಿತು. ಹಡಗಿನ ಪಾದ್ರಿಯ ಹೆಂಡತಿ ಮತ್ತು ಆರು ಮಕ್ಕಳು ಒಂದೇ ರಾತ್ರಿ ಹತರಾದರು.

ನೀರು ಹುಡುಕುವ ನೆಪದಲ್ಲಿ ಕಾರ್ನೆಲಿಸ್ ಕೆಲವು ಸೈನಿಕರನ್ನು ಆಯುಧವಿಲ್ಲದೆ ದೂರದ ದ್ವೀಪವೊಂದಕ್ಕೆ ಸಾಗಹಾಕಿದ್ದ. ಸಾಯಲಿ ಎಂಬುದು ಅವನ ಎಣಿಕೆ. ವೀಬೆ ಹೇಯ್ಸ್ ಎಂಬ ಸಾಮಾನ್ಯ ಸೈನಿಕನ ನಾಯಕತ್ವದಲ್ಲಿ ಅವರು ಅಲ್ಲಿ ನೀರನ್ನೂ ಬೇಟೆಯನ್ನೂ ಕಂಡುಕೊಂಡರು. ಕಲ್ಲು ಪೇರಿಸಿ ಗೋಡೆ ಕಟ್ಟಿಕೊಂಡು, ಮೇಲೆ ಬಿದ್ದ ಕೊಲೆಗಡುಕರನ್ನು ಹಿಮ್ಮೆಟ್ಟಿಸಿದರು. ಐರೋಪ್ಯರು ಆಸ್ಟ್ರೇಲಿಯದಲ್ಲಿ ಕಟ್ಟಿದ, ಇಂದಿಗೂ ಉಳಿದಿರುವ ಅತ್ಯಂತ ಹಳೆಯ ಕಟ್ಟಡಗಳೆಂದು ಆ ಮೋಟು ಗೋಡೆಗಳನ್ನೇ ಗುರುತಿಸುತ್ತಾರೆ. ಸೆಪ್ಟೆಂಬರಿನಲ್ಲಿ ಸಾರ್ಡಮ್ ಹಡಗಿನಲ್ಲಿ ಬಂದ ಪೆಲ್ಸಾರ್ಟ್ ವಿಚಾರಣೆ ನಡೆಸಿ, ಕಾರ್ನೆಲಿಸ್ ಮತ್ತಿತರರನ್ನು ದ್ವೀಪದಲ್ಲೇ ಗಲ್ಲಿಗೇರಿಸಿದ.

ಈ ಪೆಲ್ಸಾರ್ಟ್ ನಮ್ಮ ಇತಿಹಾಸದ ವಿದ್ಯಾರ್ಥಿಗಳಿಗೆ ಅಪರಿಚಿತನಲ್ಲ. 1620ರ ದಶಕದಲ್ಲಿ ಆಗ್ರಾದಲ್ಲಿದ್ದು ಕಂಪೆನಿಯ ವ್ಯಾಪಾರ ನೋಡಿಕೊಂಡವನು. ಜಹಾಂಗೀರನ ಕಾಲದ ಶ್ರೀಮಂತರ ವೈಭೋಗವನ್ನೂ ಕೂಲಿಕಾರರ ಬಡತನವನ್ನೂ ಕುರಿತು ಅವನು ಬರೆದ ವರದಿಯನ್ನು ಇಂದಿಗೂ ಉದ್ಧರಿಸುತ್ತಾರೆ. ಮೊಗಲ್ ದರ್ಬಾರಿಗೆ ಮಾರಲೆಂದೇ ಅವನು ಬಟೇವಿಯಾದಲ್ಲಿ ರೋಮನ್ ಕಾಲದ ದೊಡ್ಡ ಕೆತ್ತನೆಯ ರತ್ನವೊಂದನ್ನು ತಂದಿದ್ದ. ಹಡಗು ಹೋಯಿತು, ರತ್ನ ಉಳಿಯಿತು. ಅದೀಗ ಹಾಲೆಂಡಿನ ಲೈಡನ್ನಿನಲ್ಲಿದೆ. ಜನರನ್ನು ರಕ್ಷಿಸುವುದರ ಜೊತೆಗೆ ಬೆಳ್ಳಿಯನ್ನೂ ಎತ್ತಿ ತರುವುದು ಸಾರ್ಡಮ್ ಹಡಗಿನ ಕೆಲಸವಾಗಿತ್ತು. ಅದಕ್ಕಾಗಿ ಕರೆತಂದ ಮುಳುಗುಗಾರರಲ್ಲಿ ಗುಜರಾತಿನವರೂ ಇದ್ದರು. ಹನ್ನೆರಡು ಹಣದ ಪೆಟ್ಟಿಗೆಗಳಲ್ಲಿ ಹತ್ತು ಮೇಲೆ ಬಂದವು.

ಮುಂದೆ ಮೂರು ಶತಮಾನ ಯಾರಿಗೂ ಬೇಡವಾಗಿದ್ದ ಹಡಗು ಪತ್ತೆಯಾದದ್ದು 1963ರಲ್ಲಿ. ಅದೇ ವರ್ಷ, 1656ರಲ್ಲಿ ಮುಳುಗಿದ್ದ ಗಿಲ್ಟ್ ಡ್ರ್ಯಾಗನ್ ಕೂಡ ಸಿಕ್ಕಿತು. ಹಿಂದೆಯೇ ನಿಧಿಗಳ್ಳರ ಕಾಟವೂ ಶುರುವಾಯಿತು. ನಾಣ್ಯದ ಆಸೆಗೆ ಸ್ಫೋಟಕ ಸಿಡಿಸಿದವರೂ ಉಂಟು. ನಾಣ್ಯ ಮಾರಿದರೆ ಹಣವಾದೀತು, ಆದರೆ ಹಲಗೆ ಚೂರಾದರೆ ಹಡಗು ಕಟ್ಟಿದ ಬಗೆಯೇ ಅಳಿದುಹೋಗುತ್ತದೆ. ಮುಳುಗಿದ ಹಡಗುಗಳ ರಕ್ಷಣೆಗೆ ಪಶ್ಚಿಮ ಆಸ್ಟ್ರೇಲಿಯ 1964ರಲ್ಲಿ ಕಾನೂನು ತಂದಿತು. ಕಂಪೆನಿಯ ಆಸ್ತಿಗೆ ವಾರಸುದಾರನಾಗಿದ್ದ ಡಚ್ ಸರ್ಕಾರ 1972ರಲ್ಲಿ ಈ ಹಡಗುಗಳ ಮೇಲಿನ ಹಕ್ಕನ್ನು ಆಸ್ಟ್ರೇಲಿಯಕ್ಕೆ ಬಿಟ್ಟುಕೊಟ್ಟಿತು.

ಅದೇ ವರ್ಷದಿಂದ 1976ರವರೆಗೆ ಉತ್ಖನನ ನಡೆಯಿತು. ಕಷ್ಟದ ಕೆಲಸ ಶುರುವಾದದ್ದು ಮರ ಮೇಲೆ ಬಂದ ನಂತರ. ಶತಮಾನಗಳ ಕಾಲ ನೀರು ಕುಡಿದ ಮರವನ್ನು ಹಾಗೇ ಒಣಗಲು ಬಿಟ್ಟರೆ ಸುಕ್ಕುಗಟ್ಟಿ ಸೀಳುತ್ತದೆ. ಅದನ್ನು ಹಿಡಿದು ನಿಲ್ಲಿಸಿರುವುದೇ ಒಳಗಿನ ನೀರು. ಆದ್ದರಿಂದ ಮೊದಲು ಉಪ್ಪು ತೆಗೆದು, ಆಮೇಲೆ ನೀರಿನ ಜಾಗಕ್ಕೆ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಮೇಣದಂಥ ವಸ್ತುವನ್ನು ನಿಧಾನವಾಗಿ ಇಳಿಸಬೇಕು. ವರ್ಷಗಟ್ಟಲೆ ಹಿಡಿಯುವ ಈ ಆರೈಕೆಯ ನಂತರವೇ ಹಲಗೆಗಳನ್ನು ಮತ್ತೆ ಜೋಡಿಸಿದ್ದು.

ಹಡಗಿನ ಹೊಟ್ಟೆಯಲ್ಲಿ ಕೆತ್ತಿದ 137 ಮರಳುಗಲ್ಲುಗಳೂ ಸಿಕ್ಕವು. ಜೋಡಿಸಿ ನೋಡಿದರೆ ಒಂದು ಭವ್ಯ ಹೆಬ್ಬಾಗಿಲು. ಜಾವಾದ ಬಟೇವಿಯಾ ನಗರದ, ಎಂದರೆ ಇಂದಿನ ಜಕಾರ್ತದ, ಕೋಟೆಗೆಂದು ಹಾಲೆಂಡಿನಿಂದ ಕಳಿಸಿದ್ದು. ಮೂಲ ಕಲ್ಲುಗಳು ಅಪಘಾತದ ಸ್ಥಳಕ್ಕೆ ಹತ್ತಿರದ ಜೆರಾಲ್ಡ್‌ಟನ್ನಿನ ಸಂಗ್ರಹಾಲಯದಲ್ಲಿವೆ, ಫ್ರೀಮ್ಯಾಂಟಲಿನಲ್ಲಿರುವುದು ನಕಲು. ಬಾಗಿಲಿಗಾಗಿ ಕಾದಿದ್ದ ಕೋಟೆಯನ್ನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಡಚ್ಚರೇ ಕೆಡವಿಹಾಕಿದರು.