ಶಬ್ದವೇಗದ ಹೊಸ್ತಿಲಲ್ಲಿ ಗಾಳಿ

ಹರಿಯುವ ಹೊಳೆಯ ನಡುವೆ ನೆಟ್ಟ ಗೂಟವನ್ನು ದಡದಲ್ಲಿ ನಿಂತು ನೋಡಿದವರು, ನೀರು ಗೂಟವನ್ನು ಮುಟ್ಟುವುದಕ್ಕೆ ಮೊದಲೇ ಇಬ್ಭಾಗವಾಗಿ, ಅದರ ಎರಡು ಮಗ್ಗುಲುಗಳಲ್ಲಿಯೂ ರಭಸದಿಂದ ನುಗ್ಗಿ, ಹಿಂದುಗಡೆ ಸುಳಿಸುಳಿಯಾಗಿ ಸಾಗುವುದನ್ನು ಕಂಡಿರುತ್ತಾರೆ. ಗಾಳಿಯೂ ಹೀಗೆಯೇ ಮಾಡುತ್ತದೆ. ನಮ್ಮ ಕಣ್ಣಿಗೆ ಕಾಣುವುದಿಲ್ಲ, ಅಷ್ಟೆ. ಮುಂದೆ ಅಡ್ಡಿಯೊಂದಿದೆಯೆಂಬ ಸಮಾಚಾರವನ್ನು ಬರುತ್ತಿರುವ ಗಾಳಿಗೆ ಮುಟ್ಟಿಸುವವರು ಯಾರು? ಒತ್ತಡದ ಸಣ್ಣ ಅಲೆಗಳು. ಶಬ್ದವೆಂದು ನಾವು ಕರೆಯುವುದೂ ಇಂಥ ಅಲೆಗಳನ್ನೇ. ಆದುದರಿಂದ ಈ ಸಮಾಚಾರವು ಶಬ್ದದ ವೇಗದಲ್ಲಿಯೇ, ಎಂದರೆ 15 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರಿನಂತೆ, ಸಾಗುತ್ತದೆ. ಗಾಳಿಯೇ ಆ ವೇಗವನ್ನು ಸಮೀಪಿಸಿ ಬಂದರೆ, ಅಲೆಗಳು ಎದುರುಪ್ರವಾಹದಲ್ಲಿ ಈಜಲಾರದೆ ಒಂದರ ಮೇಲೊಂದು ಬಿದ್ದು ಗುಂಪುಗೂಡುತ್ತವೆ. ಮುನ್ಸೂಚನೆಯಿಲ್ಲದೆ ಬಂದ ಗಾಳಿ ಅಲ್ಲಲ್ಲಿ ತಟಕ್ಕನೆ ಅಮುಕಲ್ಪಟ್ಟು, ಕಾಗದಕ್ಕಿಂತ ತೆಳುವಾದ ಒಂದು ಗೋಡೆಯೇ ಎದ್ದಂತಾಗುತ್ತದೆ. ಇದಕ್ಕೆ ಆಘಾತತರಂಗವೆಂದು ಹೆಸರು.

ಈ ಹೊಸ್ತಿಲಿನ ಸುಳಿವು ಮೊದಲು ಸಿಕ್ಕಿದ್ದು ವಿಮಾನದವರಿಗಲ್ಲ, ಫಿರಂಗಿಯವರಿಗೆ. ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ ಎಂಬ ಗಣಿತಜ್ಞನು 1742ರಲ್ಲಿ ಫಿರಂಗಿವಿದ್ಯೆಯನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದನು. ತೂಗುಬಿಟ್ಟ ಭಾರವಾದ ಹಲಗೆಗೆ ಸೀಸದ ಗುಂಡನ್ನು ಹೊಡೆದು, ಹಲಗೆಯು ಎಷ್ಟು ದೂರ ಓಲಾಡಿತೆಂಬುದರಿಂದ ಗುಂಡಿನ ವೇಗವನ್ನು ಅಳೆಯುವುದು ಅವನ ಉಪಾಯ. ಹಲಗೆಯನ್ನು ಬಂದೂಕಿನಿಂದ ಬೇರೆಬೇರೆ ದೂರಗಳಲ್ಲಿಟ್ಟರೆ, ದಾರಿಯಲ್ಲಿ ಎಷ್ಟು ವೇಗ ನಷ್ಟವಾಯಿತೆಂಬುದೂ, ಅದರಿಂದ ಗಾಳಿಯ ಪ್ರತಿರೋಧವೂ ಗೊತ್ತಾಗುವುವು. ಶಬ್ದವೇಗದ ಆಸುಪಾಸಿನಲ್ಲಿ ಪ್ರತಿರೋಧವು ಲೆಕ್ಕ ಮೀರಿ ಏರುವುದೆಂದು ಆತನು ಆಗಲೇ ಕಂಡುಕೊಂಡನು. ಗೋಳದ ಪ್ರತಿರೋಧಾಂಕವು ಸಾಧಾರಣ ವೇಗಗಳಲ್ಲಿ 0.5ರ ಹತ್ತಿರವಿದ್ದು, ಶಬ್ದವೇಗವನ್ನು ದಾಟಿದ ಮೇಲೆ 1ರ ಹತ್ತಿರಕ್ಕೆ, ಎಂದರೆ ಎರಡರಷ್ಟಕ್ಕೆ ಏರುವುದೆಂದು ಇಂದಿನ ಅಳತೆಗಳು ಹೇಳುತ್ತವೆ. ಈ ರಾಬಿನ್ಸನು ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಚಾಕರಿಗೆ ಬಂದು, 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡನೆಂಬುದನ್ನು ನಮ್ಮ ಕಡೆಯವರು ನೆನೆಯುವುದು ಅಪರೂಪ.

ಪ್ರತಿರೋಧವು ಎಷ್ಟು ಏರುತ್ತದೆಂಬುದು ತಿಳಿಯಿತು. ಏಕೆ ಏರುತ್ತದೆಂಬುದನ್ನು ತಿಳಿಯಬೇಕಾದರೆ ಗಾಳಿಯನ್ನು ಕಣ್ಣಿನಿಂದ ನೋಡಬೇಕು. ಬೇಸಗೆಯ ನಡುಹಗಲಿನಲ್ಲಿ ರಸ್ತೆಯ ಮೇಲಿನ ಗಾಳಿ ನಡುಗುವಂತೆ ತೋರುವುದಷ್ಟೆ. ಸಾಂದ್ರತೆಯಲ್ಲಿ ವ್ಯತ್ಯಾಸವಾದ ಕಡೆ ಬೆಳಕು ಬಾಗುವುದೇ ಅದಕ್ಕೆ ಕಾರಣ. ಜರ್ಮನಿಯ ಆಗಸ್ಟ್ ಟೋಪ್ಲರನು 1864ರಲ್ಲಿ ಇದನ್ನೇ ಒಂದು ಉಪಕರಣವನ್ನಾಗಿ ಮಾಡಿದನು. ಬೆಳಕಿನ ಕಿರಣಗಳನ್ನು ಒಂದು ಬಿಂದುವಿಗೆ ಕೂಡಿಸಿ, ಆ ಬಿಂದುವಿಗೆ ತಾಗಿದಂತೆ ಕ್ಷೌರದ ಅಲಗಿನಂಥ ಒಂದು ಅಲಗನ್ನು ಇಟ್ಟರೆ, ದಾರಿಯಲ್ಲಿ ಬಾಗಿದ ಕಿರಣವು ಅಲಗಿಗೆ ತಾಗಿ ಅಳಿಯುತ್ತದೆ, ಇಲ್ಲವೆ ಅದರಿಂದ ತಪ್ಪಿಸಿಕೊಂಡು ಹೊಳೆಯುತ್ತದೆ. ಗಾಳಿಯ ಏರುಪೇರುಗಳೆಲ್ಲ ತೆರೆಯ ಮೇಲೆ ನೆರಳುಬೆಳಕಾಗಿ ಮೂಡುವುವು. ಈ ವಿಧಾನಕ್ಕೆ ಶ್ಲೀರನ್ ಎಂದು ಹೆಸರು. ಅರ್ನ್ಸ್ಟ್ ಮಾಖ್ ಮತ್ತು ಪೀಟರ್ ಜಾಲ್ಖರ್ ಇವರು ಹಾರುವ ಗುಂಡಿನ ಮುಂದಣ ತರಂಗವನ್ನು ಇದರಿಂದಲೇ ಚಿತ್ರ ಹಿಡಿದು 1887ರಲ್ಲಿ ಪ್ರಕಟಿಸಿದರು.

ಆದರೆ ನನಗೆ ಹೆಚ್ಚು ಸ್ವಾರಸ್ಯವಾಗಿ ತೋರುವುದು 1934ರ ಸುಮಾರಿನಲ್ಲಿ ಅಮೆರಿಕದ ವರ್ಜೀನಿಯಾ ಪ್ರಾಂತದ ಲ್ಯಾಂಗ್ಲಿ ಪ್ರಯೋಗಶಾಲೆಯಲ್ಲಿ ನಡೆದ ಒಂದು ಚಿಕ್ಕ ಪ್ರಯೋಗ. ಜಾನ್ ಸ್ಟ್ಯಾಕ್ ಎಂಬ ಯುವಕ ಇಂಜಿನಿಯರನು ಓದುವ ಭೂತಗನ್ನಡಿಯಷ್ಟೇ ಸಾಧಾರಣವಾದ ಮಸೂರಗಳಿಂದಲೂ ವಿದ್ಯುತ್ಕಿಡಿಯಿಂದಲೂ ಒಂದು ಶ್ಲೀರನ್ ಉಪಕರಣವನ್ನು ಜೋಡಿಸಿದನು. ಅದನ್ನು ಪರೀಕ್ಷಿಸಲು ವಾಯುಸುರಂಗದಲ್ಲಿ ಅಡ್ಡಲಾಗಿ ನಿಲ್ಲಿಸಿದ್ದು ವಿಮಾನದ ರೆಕ್ಕೆಯನ್ನಲ್ಲ, ಅರ್ಧ ಅಂಗುಲ ದಪ್ಪದ ಒಂದು ದುಂಡು ಸಲಾಕೆಯನ್ನು. ಗಾಳಿಯ ವೇಗವು ಶಬ್ದವೇಗದ ಹತ್ತರಲ್ಲಿ ಆರು ಪಾಲು ಮುಟ್ಟುವ ವೇಳೆಗೆ ಸಲಾಕೆಯ ಮೇಲೆ ಆಘಾತತರಂಗಗಳು ಕಾಣಿಸಿಕೊಂಡವು. ಪ್ರಯೋಗಶಾಲೆಯ ಮುಖ್ಯಾಧಿಕಾರಿಯಿಂದ ಹಿಡಿದು ಎಲ್ಲರೂ ಬಂದು ನೋಡಿದರು. ಅಲ್ಲಿಯ ಹಿರಿಯ ಸಿದ್ಧಾಂತಿ ಥಿಯೊಡೋರ್ ಥಿಯೊಡೋರ್ಸನ್ ಮಾತ್ರ ಒಪ್ಪಲಿಲ್ಲ. ಪ್ರವಾಹವು ಶಬ್ದಕ್ಕಿಂತ ನಿಧಾನವಾಗಿರುವಾಗ ಆಘಾತತರಂಗವೆಲ್ಲಿಂದ ಬರಬೇಕು, ಇದು ದೃಷ್ಟಿಭ್ರಮೆ, ಎಂದು ತೀರ್ಪು ಕೊಟ್ಟನು. ಈ ಮಾತನ್ನು ಸಹೋದ್ಯೋಗಿಗಳು ಆತನಿಗೆ ಮರೆಯಗೊಡಲೇ ಇಲ್ಲವಂತೆ.

ಪಂಡಿತನು ಎಡವಿದ್ದೆಲ್ಲಿ? ಹೊಳೆಯ ಗೂಟವನ್ನು ಮತ್ತೊಮ್ಮೆ ನೋಡಿ. ಮಗ್ಗುಲಲ್ಲಿ ನುಗ್ಗುವ ನೀರಿಗೆ ಹೊಳೆಗಿಂತ ಹೆಚ್ಚು ವೇಗ. ದುಂಡು ಸಲಾಕೆಯ ಮಗ್ಗುಲಲ್ಲಿ ಗಾಳಿಯ ವೇಗವು ಆದರ್ಶ ಲೆಕ್ಕದಲ್ಲಿ ಬರುವ ಗಾಳಿಯ ಎರಡರಷ್ಟಾಗುತ್ತದೆ, ಗೋಳಕ್ಕಾದರೆ ಒಂದೂವರೆಯಷ್ಟು. ಬರುವ ಗಾಳಿ ಶಬ್ದವೇಗದ ಹತ್ತರಲ್ಲಿ ನಾಲ್ಕು ಪಾಲು ಮುಟ್ಟಿದಾಗಲೇ ಸಲಾಕೆಯ ಭುಜದ ಬಳಿ ಶಬ್ದವೇಗವು ಬಂದುಬಿಡುತ್ತದೆ. ಅದಕ್ಕೂ ಮೀರಿದರೆ ಅಲ್ಲಿ ಶಬ್ದವನ್ನು ಮೀರಿದ ಗಾಳಿಯ ಒಂದು ಪುಟ್ಟ ಮಡು ನಿಲ್ಲುವುದು. ಆ ಮಡುವಿನ ಅಂಚೇ ಆಘಾತತರಂಗ. ಅದರ ಬುಡದಲ್ಲಿ ಗಾಳಿಯು ಮೈಬಿಟ್ಟು ಕದಡುವುದರಿಂದ ಪ್ರತಿರೋಧವು ಹೆಚ್ಚುತ್ತದೆ. ರೆಕ್ಕೆಯಾದರೆ ಮೇಲೆತ್ತುವ ಶಕ್ತಿಯೂ ಕುಂದುತ್ತದೆ. ಹೀಗೆ ಶಬ್ದವೇಗವೆಂಬುದು ಒಂದೇ ಗೆರೆಯಲ್ಲ, ಅಗಲವಾದ ಒಂದು ಪಟ್ಟಿ. ಸಲಾಕೆಯ ಮೈಯಲ್ಲಿ ಸೂಜಿಯಷ್ಟು ರಂಧ್ರವೊಂದನ್ನು ಕೊರೆದು, ಅದನ್ನು ಪಾದರಸದ ಕೊಳವೆಗೆ ಸೇರಿಸಿ, ಸಲಾಕೆಯನ್ನು ಮೆಲ್ಲಗೆ ತಿರುಗಿಸುತ್ತ ಹೋದರೆ ಸುತ್ತಲಿನ ಒತ್ತಡವೆಲ್ಲ ಗೊತ್ತಾಗುವುದು. ಆದರೆ ಹಿಂದಣ ಸುಳಿಗಳೊಡನೆ ತರಂಗಗಳೂ ಎಡಬಲಗಳಲ್ಲಿ ಮಿನುಗುತ್ತಿರುತ್ತವೆ. ನಿಧಾನಗತಿಯ ಪಾದರಸವು ಸರಾಸರಿಯನ್ನಷ್ಟೇ ಹೇಳುತ್ತದೆ. ಆ ಕ್ಷಣದ ಸತ್ಯಕ್ಕೆ ಕಿಡಿಯ ಬೆಳಕಿನ ಚಿತ್ರವೇ ಬೇಕು.

ಇನ್ನೂ ದೊಡ್ಡ ತೊಡಕೊಂದಿತ್ತು. ಸುರಂಗದೊಳಗೆ ಮಾದರಿಯನ್ನಿಟ್ಟರೆ ಗಾಳಿಯ ದಾರಿ ಅಷ್ಟುಮಟ್ಟಿಗೆ ಇಕ್ಕಟ್ಟಾಗುವುದು. ನಿಧಾನದಲ್ಲಿ ಇದರ ಬಾಧೆ ಅಲ್ಪ. ಶಬ್ದವೇಗದ ನೂರರಲ್ಲಿ ಎಂಬತ್ತು ಪಾಲಿನಲ್ಲಿ, ದಾರಿಯ ನೂರರಲ್ಲಿ ನಾಲ್ಕು ಪಾಲನ್ನು ಅಡ್ಡಗಟ್ಟಿದರೆ ಸಾಕು, ಸುರಂಗಕ್ಕೆ ಉಸಿರು ಕಟ್ಟುತ್ತದೆ. ತೊಂಬತ್ತು ಪಾಲಿನಲ್ಲಿ ನೂರರಲ್ಲಿ ಒಂದು ಪಾಲೂ ಬೇಡ. ಆಮೇಲೆ ಯಂತ್ರಕ್ಕೆ ಎಷ್ಟು ಶಕ್ತಿ ತುಂಬಿದರೂ ವೇಗವು ಏರದು. ಯಾವ ವೇಗಗಳಲ್ಲಿ ಅಳತೆ ಅತ್ಯಗತ್ಯವೋ ಅಲ್ಲಿಯೇ ಅಳತೆಗೋಲು ಕೈಕೊಡುತ್ತಿತ್ತು. ಇದು ಬರಿಯ ಪಂಡಿತರ ಚಿಂತೆಯಾಗಿರಲಿಲ್ಲ. 1946ರ ಸೆಪ್ಟೆಂಬರ್ 27ರಂದು ಜೆಫ್ರಿ ಡಿ ಹ್ಯಾವಿಲೆಂಡನು ಶಬ್ದವೇಗದ ಸಮೀಪದಲ್ಲಿ ಪರೀಕ್ಷಿಸುತ್ತಿದ್ದ ಬಾಲವಿಲ್ಲದ ವಿಮಾನವು ಥೇಮ್ಸ್ ನದಿಯ ಅಳಿವೆಯ ಮೇಲೆ ಆಕಾಶದಲ್ಲಿಯೇ ಒಡೆದುಹೋಗಿ, ಆತನು ಮಡಿದನು. ಮರುವರ್ಷ ಅಕ್ಟೋಬರ್ 14ರಂದು ಚಕ್ ಯೇಗರನು ಶಬ್ದವೇಗವನ್ನು ದಾಟಿದ ಎಕ್ಸ್-1 ವಿಮಾನದ ಒಡಲಿಗೆ ಅರ್ಧ ಅಂಗುಲದ ಬಂದೂಕಿನ ಗುಂಡಿನ ಆಕಾರವನ್ನೇ ಕೊಟ್ಟಿದ್ದರು. ಆ ವೇಗದಲ್ಲಿ ನೆಟ್ಟಗೆ ಹೋಗುವುದೆಂದು ನಿಶ್ಚಯವಾಗಿ ಗೊತ್ತಿದ್ದ ವಸ್ತು ಗುಂಡೊಂದೇ!

ತೊಡಕಿಗೆ ಸುತ್ತುಬಳಸಿನ ಮದ್ದುಗಳನ್ನೂ ಹುಡುಕಿದರು. ಉಪಕರಣಗಳನ್ನು ತುಂಬಿದ ಮಾದರಿಗಳನ್ನು ಎತ್ತರದ ವಿಮಾನದಿಂದ ಕೆಳಕ್ಕೆ ಬಿಟ್ಟು ನೋಡಿದರು. 1944ರಲ್ಲಿ ರಾಬರ್ಟ್ ಗಿಲ್ರುತ್ ಎಂಬಾತನು ಧುಮುಕುವ ವಿಮಾನದ ರೆಕ್ಕೆಯ ಮೇಲೆಯೇ ಚಿಕ್ಕ ಮಾದರಿಯನ್ನು ನಿಲ್ಲಿಸಿದನು. ರೆಕ್ಕೆಯ ಮೇಲಣ ಗಾಳಿ ಶಬ್ದವೇಗವನ್ನು ದಾಟಿರುತ್ತದಷ್ಟೆ. ಸಲಾಕೆಯ ಭುಜದ ಮೇಲೆ ದೃಷ್ಟಿಭ್ರಮೆಯೆನಿಸಿಕೊಂಡ ಆ ಮಡುವೇ ಇಲ್ಲಿ ಪ್ರಯೋಗಶಾಲೆಯಾಯಿತು.

ಕೊನೆಗೆ ಲ್ಯಾಂಗ್ಲಿಯ ರೇ ರೈಟನ ಲೆಕ್ಕದಿಂದ ಸರಳವಾದ ದಾರಿ ತೆರೆಯಿತು. ಮುಚ್ಚಿದ ಗೋಡೆಯಿಂದಾಗುವ ತಪ್ಪು ಒಂದು ಕಡೆಗೆ, ಗೋಡೆಯೇ ಇಲ್ಲದಿದ್ದರೆ ಆಗುವ ತಪ್ಪು ಅದಕ್ಕೆ ವಿರುದ್ಧವಾದ ಕಡೆಗೆ. ಗೋಡೆಯಲ್ಲಿ ಉದ್ದುದ್ದನೆಯ ಸೀಳುಗಳನ್ನು ಬಿಟ್ಟರೆ ಎರಡೂ ಬಹುಮಟ್ಟಿಗೆ ಒಂದನ್ನೊಂದು ಕಳೆದುಕೊಳ್ಳುತ್ತವೆ. ಇಕ್ಕಟ್ಟಾದ ಗಾಳಿಗೂ ಸೀಳುಗಳಿಂದ ಹೊರಸರಿಯಲು ಅವಕಾಶ. 1950ರಲ್ಲಿ ಅಲ್ಲಿಯ ಎಂಟು ಅಡಿಯ ಸುರಂಗವು ಇಂಥ ಗೋಡೆಗಳಿಂದ ಶಬ್ದವೇಗದ ಪಟ್ಟಿಯನ್ನು ತಡೆಯಿಲ್ಲದೆ ದಾಟತೊಡಗಿತು. ಸ್ಟ್ಯಾಕನಿಗೂ ಸಂಗಡಿಗರಿಗೂ 1951ರ ಕೋಲಿಯರ್ ಪಾರಿತೋಷಕವು ಸಂದಿತು.

ನಮ್ಮ ಬೆಂಗಳೂರಿನ ರಾಷ್ಟ್ರೀಯ ವಿಮಾನ ಪ್ರಯೋಗಶಾಲೆಯಲ್ಲಿ 1967ರಲ್ಲಿ ಕೆಲಸಕ್ಕೆ ತೊಡಗಿದ 1.2 ಮೀಟರಿನ ಸುರಂಗದಲ್ಲಿ ಶಬ್ದವೇಗದ ಐದರಲ್ಲಿ ಒಂದು ಪಾಲಿನಿಂದ ನಾಲ್ಕರಷ್ಟರವರೆಗೆ ಗಾಳಿಯನ್ನು ಹರಿಸಬಹುದು. ಶಬ್ದವೇಗದ ಹತ್ತಿರದ ಪರೀಕ್ಷೆಗಳಿಗೆ ಇಲ್ಲಿ ಸೀಳುಗಳ ಬದಲು ರಂಧ್ರಗಳುಳ್ಳ ಗೋಡೆಗಳಿವೆ. ತೊಟ್ಟಿಗಳಲ್ಲಿ ಅಮುಕಿಟ್ಟ ಗಾಳಿಯನ್ನು ಒಮ್ಮೆಗೇ ಬಿಡುವುದರಿಂದ ಒಂದೊಂದು ಪರೀಕ್ಷೆಗೂ ದೊರೆಯುವ ಕಾಲ ಸೆಕೆಂಡುಗಳ ಲೆಕ್ಕದ್ದು. ನಮ್ಮ ಉಪಗ್ರಹವಾಹಕ ರಾಕೆಟ್ಟುಗಳ ಮಾದರಿಗಳು ಇಲ್ಲಿ ಪರೀಕ್ಷೆಗೊಂಡಿವೆ. ರಾಕೆಟ್ಟಿನ ಆಕಾರವಾದರೂ ಏನು? ತುದಿಯಲ್ಲಿ ಒಂದು ಶಂಕು, ಅದರ ಹಿಂದೆ ಒಂದು ದುಂಡುಕಂಬ. ಅವೆರಡೂ ಕೂಡುವ ಭುಜದ ಬಳಿ, ರಾಕೆಟ್ಟು ಶಬ್ದವೇಗವನ್ನು ದಾಟುವ ಕೆಲವು ಸೆಕೆಂಡುಗಳಲ್ಲಿ, ಸ್ಟ್ಯಾಕನ ಸಲಾಕೆಯ ಮೇಲೆ ಮಿನುಗಿದಂಥ ತರಂಗಗಳೇ ಹಿಂದುಮುಂದಾಗಿ ಓಲಾಡುತ್ತ ಲೋಹದ ತಗಡನ್ನು ಬಡಿಯುತ್ತವೆ. ಆ ಬಡಿತವೆಷ್ಟೆಂಬುದನ್ನು ಅಳೆದೇ ತಗಡಿನ ದಪ್ಪವನ್ನು ಗೊತ್ತುಮಾಡಬೇಕು.